ಊರ ಹೀಟೆಲ್ಲ ನನ್ನ ಕಾರಿಗೆ

ಇಂಥವೆಲ್ಲ ನನಗೇ ಯಾಕೆ ಗಂಟುಬೀಳುತ್ತವೆ ಎಂದು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಪಾಂಡವಪುರದಲ್ಲಿ ರೈಲ್ವೆ ಸ್ಟೇಷನ್ನಿಗೆ ಹೋಗುವ ರಸ್ತೆಯ ಪಕ್ಕ ನನ್ನದೊಂದು ತಗಡಿನ ಶೆಡ್ಡು. ಮೂವತ್ತು ವರ್ಷದಿಂದ ಅಲ್ಲಿ ಕಾರುಗಳ ಬಾನೆಟ್ ಎತ್ತುತ್ತಿದ್ದೇನೆ. ಮೊದಮೊದಲು ಉತ್ಸಾಹದಿಂದ ಎತ್ತುತ್ತಿದ್ದೆ, ಈಗ ಒಂದು ನಿಟ್ಟುಸಿರು ಬಿಟ್ಟು ಎತ್ತುತ್ತೇನೆ.

ಹಳೇ ಕಾರಿಗೆ ಬರುವ ದೊಡ್ಡ ಕಾಯಿಲೆ ಹೀಟು. ಇಂಜಿನ್ ಕಾಯುತ್ತದೆ, ಮೀಟರಿನ ಮುಳ್ಳು ಕೆಂಪು ಗೆರೆಗೆ ಹೋಗುತ್ತದೆ, ಮುಂದಿನಿಂದ ಹೊಗೆಯಂಥ ಹಬೆ ಏಳುತ್ತದೆ. ಕಾರಣ ಹುಡುಕುವುದು ಅಂಥ ಬ್ರಹ್ಮವಿದ್ಯೆಯಲ್ಲ. ನೀರು ಸೋರುತ್ತಿದೆಯೇ, ಮುಚ್ಚಳ ಬಿಗಿಯಾಗಿದೆಯೇ, ಫ್ಯಾನ್ ತಿರುಗುತ್ತಿದೆಯೇ, ರೇಡಿಯೇಟರಿನಲ್ಲಿ ಗಾಳಿ ಆಡುತ್ತಿದೆಯೇ, ಇಷ್ಟು ನೋಡಿದರೆ ಮುಕ್ಕಾಲು ಪಾಲು ಸಿಕ್ಕಿಬಿಡುತ್ತದೆ. ಸಿಕ್ಕದೆ ಇರುವುದು ಕಾರಿನ ಯಜಮಾನನ ಬಾಯಿಂದ ಬರಬೇಕಾದ ನಿಜ. ಅದನ್ನು ಹೊರಡಿಸುವಷ್ಟರಲ್ಲಿ ನನ್ನ ಇಂಜಿನ್ ಕಾದಿರುತ್ತದೆ.

ಟ್ರಯಲ್ಲು

ಮೊದಲು ನನ್ನ ಹೆಂಡತಿಯ ವಿಷಯ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಅವಳ ಒಂದು ಆಸೆಯ ಸುತ್ತಲೇ ತಿರುಗುತ್ತದೆ.

ಅವಳ ತವರು ಮೇಲುಕೋಟೆ ಬೆಟ್ಟ ಹತ್ತಿ, ಆ ಕಡೆ ಕೆ.ಆರ್.ಪೇಟೆ ದಿಕ್ಕಿಗೆ ಇಳಿದರೆ ಸಿಕ್ಕುವ ಒಂದು ಹಳ್ಳಿ. ರಿಪೇರಿಯಾದ ಕಾರನ್ನು ಏರು ಹತ್ತಿಸಿ ನೋಡದೆ ಗಿರಾಕಿಗೆ ಕೊಡಬಾರದು. ನಮ್ಮ ಕಡೆ ಮೇಲುಕೋಟೆ ಬೆಟ್ಟಕ್ಕಿಂತ ಒಳ್ಳೆಯ ಏರು ಇಲ್ಲ. ಬೆಟ್ಟದ ಆಚೆಗೇ ಹೆಂಡತಿಯ ತವರು ಇದ್ದದ್ದು ನನ್ನ ತಪ್ಪಲ್ಲ. ಹಾಗಾಗಿ ಹಬ್ಬ ಹುಣ್ಣಿಮೆ ಬಂದಾಗಲೆಲ್ಲ ಯಾವುದಾದರೊಂದು ಕಾರಿಗೆ ಟ್ರಯಲ್ ಬೇಕಾಗುತ್ತಿತ್ತು. ಒಂದು ವರ್ಷ ಕೆಂಪು ಕಾರು, ಇನ್ನೊಂದು ವರ್ಷ ಬಿಳಿ. ಅಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನ ಬಾಮೈದನಂತೂ "ನಮ್ ಬಾವ ವರ್ಸಕ್ಕೊಂದು ಕಾರು ಬದ್ಲಾಯಿಸ್ತಾರೆ" ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಅವನ ನಿಶ್ಚಿತಾರ್ಥಕ್ಕೂ ಹೀಗೇ ಹೋದೆವು. ಹೆಂಡತಿ ರೇಷ್ಮೆ ಸೀರೆ ಉಟ್ಟು ಮುಂದಿನ ಸೀಟಿನಿಂದ ಇಳಿದಳು. ಹೆಣ್ಣಿನ ಕಡೆಯವರಲ್ಲಿ ಕೆ.ಆರ್.ಪೇಟೆಯ ಒಬ್ಬ ಕಂಟ್ರಾಕ್ಟರು ಇದ್ದರು. ಅವರನ್ನು ಕಂಡ ಕೂಡಲೇ ನಾನು ಕೀಯನ್ನು ಜೇಬಿಗೆ ಇಳಿಸಿದೆ. ಕಾರು ಅವರದೇ. ಅವರು ಕಾರಿನ ಸುತ್ತ ನಿಧಾನಕ್ಕೆ ಒಂದು ಸುತ್ತು ಬಂದರು. ಹಿಂದಿನ ಗಾಜಿನ ಮೇಲೆ ತಮ್ಮ ಮಗಳ ಹೆಸರು ಓದಿಕೊಂಡರು.

"ಟ್ರಯಲ್ ಮುಗೀತಾ?" ಎಂದರು.

"ಮುಗೀತು ಸಾ. ಏರಲ್ಲಿ ಚೆನ್ನಾಗಿ ಎಳೀತು."

"ಒಳ್ಳೇದಾಯ್ತು ಬುಡಿ. ಕಾರು ರಿಪೇರಿಗೆ ಬುಟ್ಟಿವ್ನಿ ಅಂತ ಮನೇವ್ರ್ನೆಲ್ಲ ಬಸ್ಸಲ್ಲಿ ಕರ್ಕೊಂಡ್ ಬಂದಿದ್ದೆ. ಕೀ ಕೊಡಿ."

ವಾಪಸು ಬರುವಾಗ ನಾವಿಬ್ಬರೂ ಬಸ್ಸಿಗೆ ಕಾದು ನಿಂತೆವು. ಹೆಂಡತಿ ತಾಂಬೂಲದ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಆಮೇಲೆ ಹೇಳಿದಳು: "ಇನ್ಮೇಲೆ ನಾನು ತವರಿಗೆ ಕಾರಲ್ಲಿ ಬಂದ್ರೆ ಅದು ನಮ್ ಕಾರೇ ಆಗಿರ್ಬೇಕು. ಇಲ್ದಿದ್ರೆ ಬಸ್ಸೇ." ಅವಳ ಕಣ್ಣಲ್ಲಿ ನೀರಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಬಸ್ಸು ಬಂತು. ಕಳಿಸಿಕೊಡಲು ಬಂದಿದ್ದ ಬಾಮೈದ ಬಸ್ಸನ್ನು ಹಿಂದಿನಿಂದ ಮುಂದಿನವರೆಗೆ ನೋಡಿ ಕೇಳಿದ: "ಏನ್ ಬಾವ, ಈ ವರ್ಸ ಬಸ್ಸೇ ತಗಂಡ್ಬುಟ್ರಾ?"

ಮುಚ್ಚಳ

ಅವಳು ಮಾತಿಗೆ ತಪ್ಪಲಿಲ್ಲ. ಎಷ್ಟೋ ವರ್ಷ ತವರಿಗೆ ಬಸ್ಸಿನಲ್ಲೇ ಹೋಗಿಬಂದಳು. ಕೊನೆಗೆ ಹೋದ ವರ್ಷ ನಾನೂ ಒಂದು ಹಳೇ ಕಾರು ಕೊಂಡೆ. ಕಂಪನಿಯವರು ಆ ಮಾಡೆಲ್ ನಿಲ್ಲಿಸಿ ಕಾಲವಾಗಿದೆ, ಆದರೂ ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಇನ್ನೂ ಬೇಕಾದಷ್ಟು ಓಡಾಡುತ್ತವೆ. ಇಂಜಿನ್ ಪೂರ್ತಿ ಬಿಚ್ಚಿ ನಾನೇ ಕಟ್ಟಿದೆ. ಬಾಮೈದ ಊರಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದ. ಅದರ ಗೃಹಪ್ರವೇಶಕ್ಕೆ ನಮ್ಮ ಕಾರಿನಲ್ಲೇ ಹೋಗುವುದು ಎಂದು ಹೆಂಡತಿಗೆ ಮಾತು ಕೊಟ್ಟೆ. ಅವಳು ಅವತ್ತೇ ಸೀಟುಗಳಿಗೆ ಹೂವಿನ ಕವರು ಹೊಲಿದು ಹಾಕಿದಳು.

ಆ ವಾರವೇ ಶ್ರೀರಂಗಪಟ್ಟಣದಿಂದ ನಮ್ಮ ಮೇಷ್ಟ್ರು ಬಂದರು. ನನಗೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವರು, ರಿಟೈರಾಗಿ ಎಷ್ಟೋ ಕಾಲವಾಗಿದೆ. ಅವರದೂ ನನ್ನ ಮಾಡೆಲ್ಲೇ. ನೀರು ಹಾಕಿದಷ್ಟೂ ಕುದಿದು ಖಾಲಿಯಾಗುತ್ತಿದೆಯಂತೆ. ಬಾನೆಟ್ ಎತ್ತಿದೆ. ರೇಡಿಯೇಟರಿಗೆ ಮುಚ್ಚಳವೇ ಇಲ್ಲ. ಬಾಯಿಗೆ ಒಂದು ಹಳೇ ಬನಿಯನ್ ತುಂಡು ತುರುಕಿದೆ.

"ಮುಚ್ಚಳ ಎಲ್ಲಿ ಮೇಷ್ಟ್ರೇ?"

"ನಾನೇ ತೆಗೆದೆ. ಮನೆಯಲ್ಲಿ ಹಾಲು ಉಕ್ಕುವಾಗ ಏನು ಮಾಡ್ತೀರಿ? ಮುಚ್ಚಳ ತೆಗೀತೀರೋ, ಹಾಕ್ತೀರೋ?"

"ತೆಗೀತೀವಿ."

"ಮತ್ತೆ?"

ಅವರು ಅದನ್ನು ಹೇಳಿದ ರೀತಿಗೆ ನನ್ನ ಕೈ ತಾನಾಗಿ ಹಿಂದಕ್ಕೆ ಹೋಗಿ ಕಟ್ಟಿಕೊಂಡಿತು. ಮೂವತ್ತೈದು ವರ್ಷದ ಹಿಂದಿನ ಭಯ. ಮುಚ್ಚಳ ಎಲ್ಲಿಟ್ಟರೋ ಅವರಿಗೇ ನೆನಪಿಲ್ಲ. ಊರಿನ ಅಂಗಡಿಗಳಲ್ಲಿ ಆ ಮಾಡೆಲ್ಲಿನದು ಸಿಕ್ಕುವುದಿಲ್ಲ, ತರಿಸಬೇಕು. ಮೇಷ್ಟ್ರಿಗೋ ಮಧ್ಯಾಹ್ನವೇ ಮೈಸೂರಿಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಮಗ ಕಾರು ಓಡಿಸಲು ರಜ ಹಾಕಿ ಬಂದಿದ್ದಾನೆ. ಏನು ಮಾಡಲಿ? ಶೆಡ್ಡಿನ ಹಿಂದೆ ನಿಂತಿದ್ದ ನನ್ನ ಕಾರಿನ ಮುಚ್ಚಳ ಬಿಚ್ಚಿ ಅವರದಕ್ಕೆ ಹಾಕಿದೆ. ನನ್ನದಕ್ಕೆ ಮೂಲೆಯಲ್ಲಿದ್ದ ಒಂದು ಸಡಿಲ ಮುಚ್ಚಳವನ್ನು ಟ್ಯೂಬಿನ ರಬ್ಬರು ಕತ್ತರಿಸಿ ಸುತ್ತಿ ಕೂರಿಸಿದೆ. ನಾಳೆ ತರಿಸಿದರಾಯಿತು ಅಂದುಕೊಂಡೆ.

ಮೇಷ್ಟ್ರು ಕಾರು ಹತ್ತುವಾಗ ಧೈರ್ಯ ಮಾಡಿ ಹೇಳಿದೆ: "ಮೇಷ್ಟ್ರೇ, ಮುಚ್ಚಳ ಬಿಗಿ ಇದ್ರೆ ಒಳಗೆ ಒತ್ತಡ ಏರುತ್ತೆ, ಒತ್ತಡ ಏರಿದ್ರೆ ನೀರು ಬೇಗ ಕುದಿಯಲ್ಲ. ಕುಕ್ಕರಿನ ಪಾಠ. ನೀವೇ ಮಾಡಿದ್ದು. ನನಗೆ ಬರಲಿಲ್ಲ ಅಂತ ಬೆಂಚಿನ ಮೇಲೆ ನಿಲ್ಲಿಸಿದ್ರಿ."

ಅವರು ಕಾರಿನ ಬಾಗಿಲು ಎಳೆದುಕೊಂಡರು. "ಅದು ಪರೀಕ್ಷೆಗೆ ಕಣಯ್ಯ" ಎಂದರು.

ಮದುವೆ ಹೆಣ್ಣು

ನಾಳೆ ಎನ್ನುವುದು ನನ್ನ ಶೆಡ್ಡಿಗೆ ಬರುವುದೇ ಇಲ್ಲ. ಮುಚ್ಚಳ ತರಿಸುವುದು ಮರೆತೇ ಹೋಯಿತು. "ನಮ್ ಕಾರು ಎಂಗೈತೆ?" ಎಂದು ಹೆಂಡತಿ ವಾರಕ್ಕೊಮ್ಮೆ ಕೇಳುತ್ತಿದ್ದಳು. "ಚೆನ್ನಾಗೈತೆ" ಎನ್ನುತ್ತಿದ್ದೆ.

ಬೇಸಿಗೆಯಲ್ಲಿ ನಮ್ಮ ಸಾಬರು ಬಂದರು. ಪಾಂಡವಪುರದಲ್ಲೇ ಕಾರು ಬಾಡಿಗೆಗೆ ಓಡಿಸುವವರು, ಒಳ್ಳೆಯ ಮನುಷ್ಯ, ನನ್ನನ್ನು ಉಸ್ತಾದ್ ಎಂದೇ ಕರೆಯುತ್ತಾರೆ. ಅವರದೂ ಅದೇ ಮಾಡೆಲ್. ಓಡುವಾಗ ಏನೂ ಇಲ್ಲ, ನಿಂತರೆ ಹೀಟು. ಇದನ್ನು ಕಂಡುಹಿಡಿಯಲು ಬಾನೆಟ್ ಎತ್ತುವುದೂ ಬೇಡ. ಓಡುವಾಗ ಗಾಳಿ ತಾನೇ ನುಗ್ಗುತ್ತದೆ, ನಿಂತಾಗ ಫ್ಯಾನೇ ಬೀಸಬೇಕು. ಅವರ ಫ್ಯಾನು ಮಧ್ಯಾಹ್ನ ಉಂಡು ಮಲಗಿದವರ ಕೈಯಲ್ಲಿನ ಬೀಸಣಿಗೆಯ ಹಾಗೆ ಆಡುತ್ತಿತ್ತು.

"ಮೋಟ್ರು ಹೋಗಿದೆ. ತರಿಸೋಕೆ ಎರಡು ದಿನ ಬೇಕು" ಎಂದೆ.

"ಇವತ್ತು ಬಾಡಿಗೆ ಐತೆ ಉಸ್ತಾದ್. ಏನಾದ್ರೂ ಜುಗಾಡ್ ಮಾಡಿ."

"ಮುಳ್ಳು ಮೇಲೆ ಹೋದ್ರೆ ಒಳಗಿನ ಹೀಟರ್ ಫುಲ್ ಹಾಕ್ಕೊಳಿ. ಇಂಜಿನ್ನಿನ ಬಿಸಿ ಒಳಕ್ಕೆ ಬಂದ್ಬಿಡುತ್ತೆ. ಕಿಟಕಿ ತೆಗೆದಿಟ್ಟಿರಿ. ಹೇಗಾದ್ರೂ ಮನೆ ಮುಟ್ಟಿಕೊಳ್ಳಬಹುದು."

ಇದು ಒಬ್ಬರೇ ಇದ್ದಾಗ, ಎರಡು ಮೈಲಿಗೆ ಮಾಡುವ ಉಪಾಯ. ಬಾಡಿಗೆ ಯಾವುದು ಎಂದು ನಾನು ಕೇಳಲಿಲ್ಲ. ನನ್ನ ತಪ್ಪೇ. ಸಂಜೆ ಅವರು ವಾಪಸು ಬಂದಾಗ ಅಂಗಿ ಮೈಗೆ ಅಂಟಿಕೊಂಡಿತ್ತು. ಮುಖ ಬೆಂದ ಬದನೆಕಾಯಿಯಂತಾಗಿತ್ತು.

ಬಾಡಿಗೆ ಮದುವೆಯದು. ಶ್ರೀರಂಗಪಟ್ಟಣದಿಂದ ಕೆ.ಆರ್.ಪೇಟೆಯವರೆಗೆ ಮದುವೆ ಹೆಣ್ಣನ್ನು ಕರೆದುಕೊಂಡು ಹೋಗಬೇಕಿತ್ತು. ಏಪ್ರಿಲ್ ತಿಂಗಳ ಮಧ್ಯಾಹ್ನ. ಧೂಳಿಗೆ ಅಲಂಕಾರ ಕೆಡುತ್ತದೆ ಎಂದು ಹೆಣ್ಣಿನ ಚಿಕ್ಕಮ್ಮ ಕಿಟಕಿ ತೆಗೆಯಲು ಬಿಡಲಿಲ್ಲ. ಇವರು ಮುಳ್ಳು ನೋಡಿಕೊಂಡು ದಾರಿಯುದ್ದಕ್ಕೂ ಹೀಟರ್ ಹಾಕಿದ್ದಾರೆ. ಚಿನಕುರಳಿ ದಾಟುವಷ್ಟರಲ್ಲಿ ಹೆಣ್ಣಿನ ಕಾಡಿಗೆ ಗಲ್ಲಕ್ಕೆ ಇಳಿದಿತ್ತಂತೆ. "ಎ.ಸಿ. ಹಾಕಪ್ಪಾ" ಎಂದು ಚಿಕ್ಕಮ್ಮ ಬೈದರೆ, "ಹಾಕಿದೀನಿ ಅಮ್ಮಾ, ಹೊರಗಡೆ ಇನ್ನೂ ಜಾಸ್ತಿ ಬಿಸಿಲೈತೆ" ಎಂದು ಇವರು ಸಮಾಧಾನ ಮಾಡಿದ್ದಾರೆ.

ಕೇಳಿ ನನಗೆ ಪಾಪಪ್ರಜ್ಞೆ ಬಂತು. ಮಾರನೇ ದಿನ ವಾಪಸು ಬರುವ ದಿಬ್ಬಣಕ್ಕೂ ಅವರದೇ ಕಾರು ಗೊತ್ತಾಗಿತ್ತು. ಆ ಹುಡುಗಿಗೆ ಎರಡನೇ ಸಲ ಇದೇ ಗತಿ ಬರಬಾರದು ಎಂದು ನನ್ನ ಕಾರಿನ ಫ್ಯಾನು ಬಿಚ್ಚಿ ಅವರಿಗೆ ಹಾಕಿದೆ. ಅವರ ಸೋಮಾರಿ ಫ್ಯಾನನ್ನು ತೊಳೆದು ಎಣ್ಣೆ ಬಿಟ್ಟು ನನ್ನದಕ್ಕೆ ಕೂರಿಸಿದೆ, ತಾತ್ಕಾಲಿಕವಾಗಿ.

"ಅಂತೂ ಇಂಜಿನ್ ಹೇಗಿತ್ತು?" ಎಂದು ಕೇಳಿದೆ.

ಅವರು ಟವೆಲಿನಲ್ಲಿ ಮುಖ ಒರೆಸಿಕೊಂಡರು. "ಇಂಜಿನ್ ತಣ್ಣಗೆ ಐಸ್ ಇದ್ದಂಗಿತ್ತು ಉಸ್ತಾದ್. ದುಲ್ಹನ್ ಕುದಿತಿದ್ರು."

ಹುರುಳಿ

ಚಳಿಗಾಲ ಬಂತು. ಬಾಮೈದನ ಮನೆಗೆ ಬಣ್ಣ ಆಗುತ್ತಿದೆ, ಇನ್ನು ತಿಂಗಳೊಳಗೆ ಗೃಹಪ್ರವೇಶ ಎಂದು ಸುದ್ದಿ ಬಂತು. ಹೆಂಡತಿ ಸೀರೆಗೆ ಫಾಲ್ ಹಾಕಿಸಲು ಕೊಟ್ಟಳು. ನಾನು ಮುಚ್ಚಳಕ್ಕೂ ಫ್ಯಾನಿಗೂ ಹೇಳಿ ಕಳಿಸಿದೆ. ಸ್ಟಾಕ್ ಇಲ್ಲ, ಬಂದರೆ ಹೇಳುತ್ತೇವೆ ಎಂದರು.

ಆಗ ಬಂದ ಒಬ್ಬ ರೈತ. ಹೆಂಡತಿಯ ತವರಿನ ಪಕ್ಕದ ಊರಿನವನು. ಇವನ ಕಾರೂ ಅದೇ ಮಾಡೆಲ್, ಟ್ರಾಕ್ಟರಿಗೆ ಕಟ್ಟಿ ಎಳೆದು ತಂದಿದ್ದ.

"ಎಲ್ಲಿಗೆ ಹೋಗಿತ್ತು ಕಾರು?"

"ಎಲ್ಗೂ ಓಗಿಲ್ಲ ಕಣಣ್ಣ. ಮನೆ ಮುಂದ್ಲೇ ಇತ್ತು."

"ಮನೆ ಮುಂದೆ ನಿಂತಿದ್ದ ಕಾರು ಕುದೀತಾ?"

"ಅಂಗೇ ಅಂದ್ಕೊಳಿ."

ಹೀಗೆ ಅಂದ್ಕೊಳಿ ಎನ್ನುವವರನ್ನು ಕಂಡರೆ ನನಗೆ ಸುಸ್ತಾಗುತ್ತದೆ. ನೀರು ನೋಡಿದೆ, ಮುಚ್ಚಳ ನೋಡಿದೆ, ಫ್ಯಾನ್ ನೋಡಿದೆ, ಎಲ್ಲ ಸರಿಯಾಗಿದೆ. ಕಡೆಗೆ ರೇಡಿಯೇಟರಿಗೆ ಹಿಂದಿನಿಂದ ಗಾಳಿಯ ಪೈಪು ಹಿಡಿದೆ. ಶೆಡ್ಡಿನ ತುಂಬ ಹೊಟ್ಟು ಎದ್ದಿತು. ಕಣ್ಣು ಬಿಡಲಾಗಲಿಲ್ಲ. ಹೊಟ್ಟು ಇಳಿದ ಮೇಲೆ ನೋಡಿದರೆ ನೆಲದ ಮೇಲೆ ಕಾಳು. ಬಗ್ಗಿ ಒಂದು ಕಾಳು ಎತ್ತಿಕೊಂಡೆ. ಹುರುಳಿ.

ನಾನು ಅವನ ಮುಖ ನೋಡಿದೆ. ಅವನು ತಗಡಿನ ಸೂರು ನೋಡಿದ.

ನಮ್ಮ ಕಡೆ ಹುರುಳಿ ಕಿತ್ತ ಮೇಲೆ ರಸ್ತೆಗೆ ಹರಡುತ್ತಾರೆ. ಹೋಗಿ ಬರುವ ಬಸ್ಸು ಲಾರಿಗಳು ಅದರ ಮೇಲೆ ಹರಿದು, ಕಾಳು ಉದುರಿಸಿ ಒಕ್ಕಣೆ ಮಾಡಿಕೊಡುತ್ತವೆ. ಇವನ ಮನೆ ಮುಂದಿನ ರಸ್ತೆಗೆ ದಿನಕ್ಕೆ ಎರಡೇ ಬಸ್ಸು.

"ಎರಡು ಬಸ್ಸಲ್ಲಿ ಯಾವಾಗ ಒಕ್ಕಣೆ ಆಯ್ತದೆ ಏಳಿ. ಮನೇಲಿ ಕಾರು ಸುಮ್ನೆ ನಿಂತಿತ್ತು" ಎಂದು ಶುರುಮಾಡಿದ. ಎರಡು ದಿನ, ಬೆಳಗಿನಿಂದ ಸಂಜೆಯವರೆಗೆ, ಫಸ್ಟ್ ಗೇರಿನಲ್ಲಿ ಮುಂದಕ್ಕೆ, ರಿವರ್ಸಿನಲ್ಲಿ ಹಿಂದಕ್ಕೆ. ಅವನ ಹೆಂಡತಿ ಪಕ್ಕದಲ್ಲಿ ನಿಂತು ಬಳ್ಳಿ ತಿರುವಿ ಹಾಕುತ್ತಿದ್ದಳಂತೆ. ಮನೆ ಮುಂದೆಯೇ ಇತ್ತು ಎಂದದ್ದು ಸುಳ್ಳೂ ಅಲ್ಲ.

ರೇಡಿಯೇಟರಿನ ರೆಕ್ಕೆಗಳು ಮಡಚಿ ಹೋಗಿದ್ದವು, ಒಂದು ಕಡೆ ಸೋರುತ್ತಿತ್ತು. ಬೆಸುಗೆ ಹಾಕಿ ನೀರು ತುಂಬಿಸಿ ನೋಡಲು ಎರಡು ಮೂರು ದಿನ ಬೇಕು. ಅವನು ಕೈ ಹಿಸುಕಿಕೊಂಡ. "ಸೊಸೆಗೆ ದಿನ ತುಂಬೈತೆ ಕಣಣ್ಣ. ಯಾವ ಗಳಿಗೇಲಿ ನಾಗಮಂಗಲದ ಆಸ್ಪತ್ರೆಗೆ ಓಗ್ಬೇಕೋ ಗೊತ್ತಿಲ್ಲ."

ಇದಕ್ಕೆ ಏನು ಹೇಳುತ್ತೀರಿ? ಊಟ ತಂದಿದ್ದ ಹೆಂಡತಿ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು. ನಾನು ಅವಳನ್ನು ನೋಡಿದೆ. ಅವಳು ಕ್ಯಾರಿಯರನ್ನು ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿ ಕುಕ್ಕಿ, "ಕೊಡಿ. ಕೂಸಿನ್ ವಿಸ್ಯ" ಎಂದು ಹೇಳಿ ಹೊರಟುಹೋದಳು. ನನ್ನ ರೇಡಿಯೇಟರು ಅವನ ಕಾರಿಗೆ ಹೋಯಿತು. ಅವನದಕ್ಕೆ ಬೆಸುಗೆ ಹಾಕಿ ನನ್ನದಕ್ಕೆ ಕೂರಿಸಿಕೊಂಡೆ.

ನಾನು ಕೆಲಸ ಮಾಡುವಷ್ಟು ಹೊತ್ತು ಅವನು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಒಂದೊಂದೇ ಕಾಳು ಆರಿಸಿ ಟವೆಲಿಗೆ ಹಾಕಿಕೊಂಡ. ಗಂಟು ಕಟ್ಟಿ ಎದ್ದವನು ಕಾರಿನ ನೆತ್ತಿ ತಟ್ಟಿ ಕೇಳಿದ: "ಅಣ್ಣ, ಇನ್ನ ರಾಗಿ ಐತೆ. ತಡೀತದಾ?"

ತವರು

ಗೃಹಪ್ರವೇಶದ ದಿನ ಬಂತು. ಮುಚ್ಚಳ ಬಂದಿರಲಿಲ್ಲ, ಫ್ಯಾನೂ ಬಂದಿರಲಿಲ್ಲ. ನನ್ನ ಕಾರಿನಲ್ಲಿ ಈಗ ಮೇಷ್ಟ್ರಿಗೆ ಕೊಟ್ಟದ್ದರ ಬದಲಿಗೆ ಕೂರಿಸಿದ ಸಡಿಲ ಮುಚ್ಚಳ, ಸಾಬರ ಸೋಮಾರಿ ಫ್ಯಾನು, ರೈತನ ತೇಪೆ ರೇಡಿಯೇಟರು ಒಟ್ಟಿಗೆ ಸಂಸಾರ ಮಾಡುತ್ತಿದ್ದವು. ಊರಿನ ರೋಗವನ್ನೆಲ್ಲ ಮೈಮೇಲೆ ಎಳೆದುಕೊಂಡ ವೈದ್ಯ ನಾನು. ಹೆಂಡತಿಗೆ ಇದೆಲ್ಲ ಹೇಳುವ ಧೈರ್ಯ ಬರಲಿಲ್ಲ. ರೇಡಿಯೇಟರು ಹೋದದ್ದು ಅವಳಿಗೆ ಗೊತ್ತು, ಉಳಿದೆರಡು ಗೊತ್ತಿಲ್ಲ. ಅವಳು ಬೆಳಿಗ್ಗೆ ಕಾರಿಗೆ ಕುಂಕುಮ ಹಚ್ಚಿ, ಹೂ ಮುಡಿಸಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಹೊಸ ಸೀರೆಯ ನೆರಿಗೆ ಸರಿಮಾಡಿಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಅವಳ ಮುಖ ನೋಡಿ ನನಗೆ ಸಂತೋಷವಾಯಿತು, ಅವಳಿಗೆ ಕಾಣದ ಹಾಗೆ ಡಿಕ್ಕಿಯಲ್ಲಿ ಎರಡು ಕ್ಯಾನು ನೀರೂ ಇಟ್ಟುಕೊಂಡೆ.

ಜಕ್ಕನಹಳ್ಳಿಯವರೆಗೆ ಮುಳ್ಳು ಅಲುಗಲಿಲ್ಲ. ಮೇಲುಕೋಟೆ ಏರು ಶುರುವಾಯಿತು, ಮುಳ್ಳೂ ಏರಿತು. ನಾನು ಮೆಲ್ಲಗೆ ಹೀಟರ್ ತಿರುಗಿಸಿದೆ.

"ಇದೇನು ಇಷ್ಟು ಸೆಕೆ?" ಎಂದಳು.

"ಬಿಸಿಲು."

ಅವಳು ಹೀಟರಿನ ಬಾಯಿಗೆ ಕೈ ಹಿಡಿದು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಸಾಬರ ಕತೆಯನ್ನು ನಾನೇ ಅವಳಿಗೆ ಹೇಳಿ ನಗಿಸಿದ್ದೆ. "ನನ್ನೂ ದುಲ್ಹನ್ ಮಾಡ್ಬುಟ್ರಾ?" ಎಂದಳು. ಅವಳ ಹಣೆಯ ಕುಂಕುಮ ಮೂಗಿನ ಮೇಲೆ ಇಳಿಯುತ್ತಿತ್ತು.

ಇನ್ನೊಂದು ತಿರುವು ಹೋಗುವಷ್ಟರಲ್ಲಿ ಬುಸ್ಸೆಂದು ಹಬೆ ಎದ್ದಿತು. ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿದೆ, ನಿಟ್ಟುಸಿರು ಬಿಟ್ಟೇ ಎತ್ತಿದೆ. ಹೆಂಡತಿ ಇಳಿದು ಒಂದು ಬಂಡೆಯ ಮೇಲೆ ಕೂತಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಮೂರ್ತ ಮೀರೋಯ್ತದೆ" ಎಂದಷ್ಟೇ ಹೇಳಿದಳು. ತಮ್ಮನ ಮನೆಯ ಹೊಸಿಲಿಗೆ ಅರಿಶಿನ ಕುಂಕುಮ ಇಡಬೇಕಾದವಳು ಅಕ್ಕ. ಅದು ನನಗೂ ಗೊತ್ತಿತ್ತು. ಬಿಸಿ ಮುಚ್ಚಳ ತೆಗೆಯುವಂತಿಲ್ಲ, ಆರುವವರೆಗೆ ಮುಕ್ಕಾಲು ಗಂಟೆ ಕಾಯಬೇಕು. ಮೂವತ್ತು ವರ್ಷದ ಅನುಭವದಲ್ಲಿ ನನಗೆ ಉಳಿದದ್ದು ಅಷ್ಟೇ.

ಆಗ ಕೆಳಗಿನಿಂದ ಒಂದು ಕಾರು ಬಂತು. ನನ್ನ ಮಾಡೆಲ್ಲೇ. ಏರನ್ನು ಹಾಡುತ್ತಾ ಹತ್ತಿಬಂದು ನಮ್ಮ ಪಕ್ಕ ನಿಂತಿತು. ಹುರುಳಿಯ ರೈತ. ಹಿಂದೆ ಅವನ ಸೊಸೆ, ಮಡಿಲಲ್ಲಿ ಬಟ್ಟೆ ಸುತ್ತಿದ ಕೂಸು. ಆಸ್ಪತ್ರೆಯಲ್ಲಿ ಚುಚ್ಚುಮದ್ದು ಹಾಕಿಸಿಕೊಂಡು ಬರುತ್ತಿದ್ದರು.

ಅವನು ಇಳಿದು ಬಂದು ನನ್ನ ಇಂಜಿನ್ನಿನೊಳಗೆ ಇಣುಕಿದ. ತೇಪೆ ಹಾಕಿದ್ದ ತನ್ನ ರೇಡಿಯೇಟರಿನ ಗುರುತು ಹಿಡಿದನೋ ಇಲ್ಲವೋ ಗೊತ್ತಿಲ್ಲ. ಕನಿಕರದಿಂದ ತಲೆ ಆಡಿಸಿ ಕೇಳಿದ: "ಏನಣ್ಣ, ನೀವೂ ಹುರುಳಿ ಒಕ್ಕುಬುಟ್ರಾ?"

ನಾನು ಉತ್ತರ ಹೇಳುವ ಮೊದಲೇ ಹೆಂಡತಿ ಬಂಡೆಯಿಂದ ಎದ್ದಳು. ಅರಿಶಿನ ಕುಂಕುಮದ ತಟ್ಟೆ, ಹೂವಿನ ಬುಟ್ಟಿ ಎತ್ತಿಕೊಂಡಳು. ನೇರವಾಗಿ ಹೋಗಿ ಅವನ ಕಾರಿನ ಮುಂದಿನ ಸೀಟಿನಲ್ಲಿ ಕೂತಳು.

"ನಮ್ ಕಾರಲ್ಲೇ ಹೋಗ್ತೀನಿ ಅಂದಿದ್ದೆಯಲ್ಲ?" ಎಂದೆ, ಸಣ್ಣ ದನಿಯಲ್ಲಿ.

"ಇದೂ ನಮ್ದೇ. ರೇಡಿಯೇಟ್ರು ನಮ್ದಲ್ವಾ? ಓಡ್ತಿರೋ ಭಾಗದಲ್ಲಿ ನಾನ್ ಓಗ್ತೀನಿ, ನಿಂತಿರೋ ಭಾಗ ನೀವ್ ತಗಂಡ್ ಬನ್ನಿ."

ಕಾರು ಹೋಯಿತು. ನಾನು ಮುಕ್ಕಾಲು ಗಂಟೆ ಬಂಡೆಯ ಮೇಲೆ ಕೂತಿದ್ದೆ. ನೀರು ಹಾಕಿ, ಹೀಟರಿನಲ್ಲಿ ಬೇಯುತ್ತಾ, ನಿಲ್ಲಿಸಿ ನಿಲ್ಲಿಸಿ ಬೆಟ್ಟ ದಾಟಿ ಊರು ಸೇರುವಷ್ಟರಲ್ಲಿ ಪೂಜೆ ಮುಗಿದು ಮೊದಲ ಪಂಕ್ತಿ ಎದ್ದಿತ್ತು. ಹೊಸಿಲಿನಲ್ಲಿ ಅರಿಶಿನ ಕುಂಕುಮ ಇತ್ತು. ಅದನ್ನು ಕಂಡು ಸಮಾಧಾನವಾಯಿತು. ನನ್ನ ಕಾರು ಚಪ್ಪರದ ಮುಂದೆ ನಿಂತು ಒಂದು ಸಲ ಬುಸ್ಸೆಂದು, ಎಲ್ಲರ ಎದುರಿಗೆ ಒಂದು ಕೊಡ ನೀರು ಕಾರಿತು.

ಬೀಗರು, ನೆಂಟರು, ಅಡಿಗೆಯವರು ಎಲ್ಲ ತಿರುಗಿ ನೋಡಿದರು. ಕೆ.ಆರ್.ಪೇಟೆಯ ಆ ಕಂಟ್ರಾಕ್ಟರೂ ಎಲೆಯಡಿಕೆ ಹಾಕಿಕೊಳ್ಳುತ್ತಾ ಅಲ್ಲೇ ಕೂತಿದ್ದರು. ಬಾಮೈದ ಹೊಸ ಪಂಚೆ ಎತ್ತಿಕಟ್ಟಿಕೊಂಡು ಬಂದ. ಕಾರಿನ ಸುತ್ತ ಒಂದು ಸುತ್ತು ತಿರುಗಿದ.

"ಬಾವ, ಅಕ್ಕ ಆಗ್ಲೇ ನಿಮ್ ಕಾರಲ್ಲಿ ಬಂದ್ಬುಟ್ಳು. ಇದ್ಯಾರ್ದು?"

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು. ಆಗೆಲ್ಲ ಯಾರದೋ ಕಾರು ತಂದು ನನ್ನದು ಎನ್ನಿಸಿಕೊಂಡಿದ್ದೆ. ಇವತ್ತು ಮೊದಲನೇ ಸಲ ನನ್ನದನ್ನೇ ತಂದಿದ್ದೆ. ಅದರ ಮೂತಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಯಾರೋ ಗಿರಾಕೀದು ಕಣಪ್ಪಾ" ಎಂದೆ. "ಹೀಟ್ ಆಗುತ್ತೆ ಅಂತ ಬಿಟ್ಟು ಹೋಗಿದ್ರು. ಹಂಗೇ ಟ್ರಯಲ್ ತಂದೆ."

ಕಂಟ್ರಾಕ್ಟರು ಕೂತಲ್ಲಿಂದಲೇ ತಲೆಯಾಡಿಸಿದರು, ನಂಬಿಕೆಯಾಯಿತು ಎನ್ನುವ ಹಾಗೆ. ಹೆಂಡತಿ ಸೆರಗಿನಲ್ಲಿ ಮುಖ ಒರೆಸಿಕೊಂಡು, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು:

"ಪಾಪ, ಆ ಗಿರಾಕಿ ಎಂಡ್ತಿ ಯಾರೋ ಏನೋ."